ಮೀಟರ್ ನಿಂತ ದಿನ ಬಾಡಿಗೆ ಎಷ್ಟು?

ಕಳೆದ ಮುಂಗಾರಿನಲ್ಲಿ, ರೋಹಿಣಿ ಮಳೆ ಶುರುವಾದ ವಾರ, ನಮ್ಮ ಮನೆ ಟ್ರ್ಯಾಕ್ಟರಿನ ಅವರ್ ಮೀಟರ್ ನಿಂತುಹೋಯಿತು. ಎಂಜಿನ್ ಚೆನ್ನಾಗಿತ್ತು, ರೋಟಾವೇಟರ್ ಚೆನ್ನಾಗಿತ್ತು. ಸ್ಟೀರಿಂಗ್ ಮುಂದಿನ ಗಡಿಯಾರದಂಥ ಡಬ್ಬಿಯೊಳಗೆ ಐದು ಅಂಕಿಗಳಿರುತ್ತವಲ್ಲ, ಅವು ಮಾತ್ರ 4,318.6ಕ್ಕೆ ನಿಂತಿದ್ದವು.

ಗಾಡಿ ಓಡಿಸುವವನು ನನ್ನ ತಮ್ಮ. ನಾನು ಹಾವೇರಿ ಜಿಲ್ಲೆಯಲ್ಲಿ ಪತ್ರಿಕೆಗೆ ಸುದ್ದಿ ಕಳಿಸುವವನು, ಬಿಡುವಿದ್ದಾಗ ಬಾಡಿಗೆ ಪುಸ್ತಕ ಬರೆಯುವವನು. ನಮ್ಮೂರಲ್ಲಿ ಆ ಹಂಗಾಮಿಗೆ ರೋಟಾವೇಟರ್ ಬಾಡಿಗೆ ಗಂಟೆಗೆ 1,200 ರೂಪಾಯಿ ಇತ್ತು. ಹೊಲಕ್ಕೆ ಗಾಡಿ ಇಳಿಯುವಾಗ ಒಂದು ರೀಡಿಂಗ್, ಮುಗಿದಾಗ ಒಂದು ರೀಡಿಂಗ್, ಕಳೆದರೆ ಬಾಡಿಗೆ. ಇಷ್ಟೇ ಲೆಕ್ಕ.

ಮೀಟರ್ ನಿಂತದ್ದು ಗೊತ್ತಾಗಿದ್ದು ಕೆಳಗಿನ ಓಣಿ ಚಿಗವ್ವನ ಹೊಲದಲ್ಲಿ. ಎರಡು ಎಕರೆ ಚಿಲ್ಲರೆ, ಗೋವಿನಜೋಳ ಹಾಕುವ ಹೊಲ. ಶುರು ಮಾಡುವಾಗ 4,318.6, ಮುಗಿಸಿದಾಗಲೂ 4,318.6. ತಮ್ಮ ಮೊಬೈಲ್ ನೋಡಿ ಎರಡೂವರೆ ತಾಸು ಅಂದ, 3,000 ರೂಪಾಯಿ. ಚಿಗವ್ವ ಒಪ್ಪಲಿಲ್ಲ. ಬ್ಲೇಡಿಗೆ ಹಳೆ ಡ್ರಿಪ್ ಪೈಪು ಸುತ್ತಿಕೊಂಡು ಅದನ್ನು ಕೊಯ್ದು ತೆಗೆಯಲು 25 ನಿಮಿಷ ಹೋಗಿತ್ತು. ಚಹಾ ಕುಡಿಯಲು ಕಾಲು ಗಂಟೆ. ಅವೆರಡನ್ನೂ ತೆಗೆದರೆ ಎರಡು ತಾಸೂ ಆಗುವುದಿಲ್ಲ, 2,200 ರೂಪಾಯಿ ಅಂತ ಅವಳ ಲೆಕ್ಕ.

"ತಮ್ಮಾ, ನೀ ಸುಳ್ಳ ಹೇಳಾಕತ್ತಿ ಅನ್ನಂಗಿಲ್ಲ. ಆದ್ರ ಮೀಟರ್ ನಡದಿದ್ರ ನಾನೂ ನೋಡತಿದ್ನೆಲ್ಲ. ಈಗ ನನ್ನ ಕಡೆ ಹೇಳಾಕ ಏನೈತಿ?" ಅಂದಳು.

ಚಿಗವ್ವ ಬಾಡಿಗೆ ಕೊಡುವುದು ಸಂಘದ ಸಾಲದ ರೊಕ್ಕದಲ್ಲಿ. 800 ರೂಪಾಯಿ ಅವಳಿಗೆ ಸಣ್ಣದಲ್ಲ. ಡೀಸೆಲ್ ಹಾಕಿಸಿ ದುಡಿದ ತಮ್ಮನಿಗೂ ಸಣ್ಣದಲ್ಲ. ಕೊನೆಗೆ ಅಪ್ಪ ನಡುವೆ ಬಂದು 2,600ಕ್ಕೆ ಮುಗಿಸಿದರು. ರೊಕ್ಕ ಕೊಟ್ಟವರಿಗೂ ಇಸಿದುಕೊಂಡವರಿಗೂ ಸಮಾಧಾನ ಇರಲಿಲ್ಲ.

ನಾನು ತಕ್ಕಡಿ ಮೋಸದ ಸುದ್ದಿ ಬರೆದಿದ್ದೇನೆ, ಪೆಟ್ರೋಲ್ ಬಂಕಿನ ಅಳತೆಯ ಸುದ್ದಿ ಬರೆದಿದ್ದೇನೆ. ತಕ್ಕಡಿಗೆ, ಬಂಕಿಗೆ, ಆಟೋ ಮೀಟರಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಪರೀಕ್ಷಿಸಿ ಮುದ್ರೆ ಹಾಕುತ್ತಾರೆ. ಟ್ರ್ಯಾಕ್ಟರಿನ ಮೀಟರ್ ನೋಡಲು ನಮ್ಮ ಹೊಲದ ಬದುವಿಗೆ ಯಾರೂ ಬಂದದ್ದನ್ನು ನಾನು ಕಂಡಿಲ್ಲ. ಅದು ಗಾಡಿ ಮಾಲೀಕನ ಸೊತ್ತು. ಆದರೆ ಅದನ್ನು ನಂಬಿ ರೊಕ್ಕ ಎಣಿಸುವವರು ಬೇರೆಯವರು. ಹಾಗಾಗಿ ಅದು ಕೆಟ್ಟರೆ ಏನು ಮಾಡಬೇಕು ಅನ್ನುವುದು ಗಾಡಿ ಇಲ್ಲದವರಿಗೂ ಗೊತ್ತಿರಬೇಕು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಕೆಟ್ಟದ್ದು ಯಾವುದು ಅಂತ ನೋಡಬೇಕು. ನಮ್ಮದು ಕೇಬಲ್ ಮೀಟರ್. ಎಂಜಿನ್ ಕಡೆಯಿಂದ ಒಂದು ಕೇಬಲ್ ಬಂದು ಮೀಟರಿನ ಹಿಂದೆ ಸೇರುತ್ತದೆ. ಎಂಜಿನ್ ತಿರುಗಿದಂತೆ ಕೇಬಲಿನ ಒಳಗಿನ ತಂತಿ ತಿರುಗುತ್ತದೆ. ಅದೇ ಆರ್‌ಪಿಎಂ ಮುಳ್ಳನ್ನೂ ಎತ್ತುತ್ತದೆ, ಗಂಟೆಯ ಅಂಕಿಯನ್ನೂ ಉರುಳಿಸುತ್ತದೆ. ಮುಳ್ಳು, ಅಂಕಿ ಎರಡೂ ನಿಂತಿದ್ದರೆ ಅನುಮಾನ ಕೇಬಲಿನ ಮೇಲೆ. ಮೀಟರಿನ ಹಿಂದೆ ಕೇಬಲ್ ಬಿಚ್ಚಿ ಎಂಜಿನ್ ಶುರು ಮಾಡಿದರೆ ಒಳತಂತಿ ತಿರುಗುತ್ತದೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ತಿರುಗದಿದ್ದರೆ ತಂತಿ ತುಂಡಾಗಿದೆ, ಇಲ್ಲವೇ ಎಂಜಿನ್ ಕಡೆಯ ಜೋಡಣೆ ಸವೆದಿದೆ. ಕೇಬಲ್ ಹೋಗಿದ್ದರೆ ಕೇಬಲ್ ಬದಲಿಸಿದರೆ ಸಾಕು, ಮೀಟರಿಗೆ ರೊಕ್ಕ ಹಾಕಬೇಕಾಗಿಲ್ಲ.

ನಮ್ಮ ಗಾಡಿಯಲ್ಲಿ ಮುಳ್ಳು ಆಡುತ್ತಿತ್ತು, ಅಂಕಿ ಉರುಳುತ್ತಿರಲಿಲ್ಲ. ಮುಳ್ಳು ಆಡುತ್ತಿದ್ದುದಕ್ಕೇ ತಮ್ಮನಿಗೆ ಅನುಮಾನ ಬಂದಿರಲಿಲ್ಲ. ಅಂದರೆ ಕೇಬಲ್ ಸರಿ ಇದೆ, ಮೀಟರಿನ ಒಳಗಿನ ಸಣ್ಣ ಹಲ್ಲುಗಾಲಿ ಸವೆದಿದೆ. ಮೀಟರೇ ಬದಲಾಗಬೇಕು.

ನಮ್ಮ ಗಾಡಿಗೆ ಹೊಂದುವ ಮೀಟರ್ ತಾಲ್ಲೂಕಿನ ಅಂಗಡಿಯಲ್ಲಿ ಇರಲಿಲ್ಲ, ತರಿಸಬೇಕಾಯಿತು. ಅಲ್ಲಿಯವರೆಗೆ ಒಂಬತ್ತು ದಿನ. ಬಿತ್ತನೆ ಮುಂದೆ ಇರುವಾಗ ಗಾಡಿ ನಿಲ್ಲಿಸಲು ಆಗುತ್ತದೆಯೇ? ಅಷ್ಟು ದಿನ ಎಕರೆ ಲೆಕ್ಕಕ್ಕೆ ಹೋದೆವು. ಆಗ ಹೊಸ ತಕರಾರು ಶುರುವಾಯಿತು: ಮಣ್ಣು ಆಳಕ್ಕೆ ಪುಡಿಯಾಗಿಲ್ಲ, ತಿರುವಿನಲ್ಲಿ ಪಟ್ಟಿ ಬಿಟ್ಟಿದ್ದಾನೆ ಅಂತ. ಚಿಗವ್ವನ ಮಾತು ಇದಕ್ಕೆ ಸರಿಹೊಂದುತ್ತದೆ: "ತಾಸಿನ ಲೆಕ್ಕ ಅಂದ್ರ ಗಾಡಿ ಎತ್ತಾಗತೈತಿ, ಎಕರೆ ಲೆಕ್ಕ ಅಂದ್ರ ಕುದುರಿ ಆಗತೈತಿ." ಗಂಟೆ ಲೆಕ್ಕದಲ್ಲಿ ಹೊಲದವರು ಚಾಲಕನ ಗೇರಿನ ಮೇಲೆ ಕಣ್ಣಿಡಬೇಕು, ಎಕರೆ ಲೆಕ್ಕದಲ್ಲಿ ಮಣ್ಣಿನ ಮೇಲೆ ಕಣ್ಣಿಡಬೇಕು. ಎರಡರಲ್ಲೂ ಒಬ್ಬರು ಬದುವಿನ ಮೇಲೆ ನಿಂತಿರಲೇಬೇಕು.

ಅಂಗಡಿಯವರು ಇನ್ನೊಂದು ದಾರಿ ಹೇಳಿದ್ದರು. ಬ್ಯಾಟರಿಯಿಂದ ನಡೆಯುವ ಮೀಟರ್, ಎರಡೇ ತಂತಿ, ಯಾವ ಗಾಡಿಗಾದರೂ ಆಗುತ್ತದೆ, ಬೆಲೆಯೂ ಕಡಿಮೆ. ತಮ್ಮ ಅದನ್ನೇ ತರುವವನಿದ್ದ. ನಮ್ಮ ಮಿಸ್ತ್ರಿ ಬೇಡ ಅಂದ. ಅವನು ಹೇಳಿದ ಕಾರಣ ಬಾಡಿಗೆಗೆ ಗಾಡಿ ಕರೆಸುವ ಎಲ್ಲರೂ ತಿಳಿದುಕೊಳ್ಳುವಂಥದ್ದು.

ಕೇಬಲ್ ಮೀಟರ್ ಎಣಿಸುವುದು ಎಂಜಿನ್ನಿನ ಸುತ್ತುಗಳನ್ನು. ಇಂತಿಷ್ಟು ಆರ್‌ಪಿಎಂನಲ್ಲಿ ಓಡಿದರೆ ಒಂದು ಗಂಟೆ ಅಂತ ಕಂಪನಿ ಲೆಕ್ಕ ಕಟ್ಟಿರುತ್ತದೆ. ಒಂದು ಗಾಡಿಗೆ ಅದು 1,500 ಅಂತ ಇಟ್ಟುಕೊಳ್ಳಿ. 1,500ರಲ್ಲಿ ಓಡಿದರೆ ಮೀಟರೂ ಕೈಗಡಿಯಾರವೂ ಸಮ. 750ರಲ್ಲಿ ಸುಮ್ಮನೆ ಗುಡುಗುಡು ಅನ್ನುತ್ತ ನಿಂತರೆ ಗಡಿಯಾರದ ಒಂದು ಗಂಟೆಗೆ ಮೀಟರಿನಲ್ಲಿ ಅರ್ಧ ಗಂಟೆ. 1,500ಕ್ಕಿಂತ ಜೋರಾಗಿ ಓಡಿಸಿದರೆ ಮೀಟರ್ ಗಡಿಯಾರಕ್ಕಿಂತ ಮುಂದೆ ಹೋಗುತ್ತದೆ. ಅಂದರೆ ಅದು ಹೆಚ್ಚುಕಡಿಮೆ ದುಡಿಮೆಯ ಲೆಕ್ಕ.

ಬ್ಯಾಟರಿ ಮೀಟರ್ ಎಣಿಸುವುದು ಬರೀ ಹೊತ್ತನ್ನು. ಎಂಜಿನ್ ಜೋರಾಗಿರಲಿ, ಮೆತ್ತಗಿರಲಿ, ಗಂಟೆಗೆ ಗಂಟೆ. ತಂತಿಯನ್ನು ನೇರ ಕೀಗೆ ಕೊಟ್ಟರಂತೂ ಎಂಜಿನ್ ಆಫ್ ಇದ್ದು, ಕೀ ಆನ್ ಮಾಡಿ ಹಾಡು ಕೇಳುತ್ತ ಕುಳಿತರೂ ಅದು ಓಡುತ್ತದೆ. ಎಂಜಿನ್ ನಡೆಯುವಾಗ ಮಾತ್ರ ಓಡಬೇಕಾದರೆ ಆಯಿಲ್ ಪ್ರೆಷರ್ ಸ್ವಿಚ್ ಮೂಲಕ ಅಥವಾ ಆಲ್ಟರ್ನೇಟರ್ ಕಡೆಯಿಂದ ಲೈನ್ ಕೊಡಿಸಬೇಕು. ಅದು ಎಲೆಕ್ಟ್ರಿಷಿಯನ್ ಕೆಲಸ. ಈಗ ಬರುವ ಹೊಸ ಗಾಡಿಗಳಲ್ಲಿ ಡಿಜಿಟಲ್ ಮೀಟರ್ ಕಂಪನಿಯಿಂದಲೇ ಬರುತ್ತದೆ, ಅದರ ಮಾತು ಬೇರೆ. ಹಳೆ ಗಾಡಿಗೆ ಹೊರಗಿನಿಂದ ತಂದು ಹಾಕಿಸಿದ್ದರೆ ಮಾತ್ರ ಕೀ ಆನ್ ಮಾಡಿ, ಎಂಜಿನ್ ಶುರು ಮಾಡದೆ ಹತ್ತು ನಿಮಿಷ ಬಿಟ್ಟು ನೋಡಿ. ಅಂಕಿ ಬದಲಾದರೆ ತಂತಿ ಕೀಗೆ ಕೊಟ್ಟಿದ್ದಾರೆ ಅಂತ ಅರ್ಥ.

ಅಂದು ಚಿಗವ್ವನ ಹೊಲದಲ್ಲಿ ಚಹಾ ಕುಡಿಯುವಾಗ ಬ್ಯಾಟರಿ ವೀಕ್ ಇದೆ ಅಂತ ತಮ್ಮ ಎಂಜಿನ್ ಚಾಲೂ ಇಟ್ಟಿದ್ದ. ಕೇಬಲ್ ಮೀಟರ್ ಆಗಿದ್ದರೆ ಆ ಕಾಲು ಗಂಟೆಗೆ ಏಳೆಂಟು ನಿಮಿಷ ಬೀಳುತ್ತಿತ್ತು. ಬ್ಯಾಟರಿ ಮೀಟರಿಗೆ ಪೂರ್ತಿ ಹದಿನೈದು. ಮೀಟರಿನ ಜಾತಿ ಬದಲಾದರೆ, ದರ ಅಷ್ಟೇ ಇದ್ದರೂ, ಬಾಡಿಗೆ ಸದ್ದಿಲ್ಲದೆ ಏರುತ್ತದೆ. ಹಾಗಾಗಿ ಹಳೆಯದರಂಥದ್ದೇ ಕೇಬಲ್ ಮೀಟರ್ ತರಿಸಿದೆವು. ಅದರಲ್ಲೂ ನಮ್ಮ ಮಾಡೆಲ್‌ನದೇ ಬೇಕು. ಬೇರೆ ಮಾಡೆಲಿನದು ಜಾಗಕ್ಕೆ ಕುಳಿತರೂ ಅದರ ಒಳಗಿನ ಸುತ್ತಿನ ಲೆಕ್ಕ ಬೇರೆ ಇದ್ದರೆ ಗಂಟೆ ತಪ್ಪು ತೋರಿಸುತ್ತದೆ.

ಬದಲಿಸುವ ಕೆಲಸ ಅರ್ಧ ಗಂಟೆಯದು. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿದ. ಮೀಟರಿನ ಹಿಂದಿನ ಬಲ್ಬಿನ ತಂತಿ ತೆಗೆದ. ಕೇಬಲಿನ ನಟ್ ಕೈಯಲ್ಲೇ ತಿರುಗಿಸಿ ಬಿಚ್ಚಿದ. ಹಿಡಿದಿಟ್ಟಿದ್ದ ಪಟ್ಟಿ ತೆಗೆದು ಹಳೆ ಮೀಟರ್ ಹೊರಗೆ, ಹೊಸದು ಒಳಗೆ. ಕೇಬಲಿನ ತುದಿ ಚೌಕದ ತೂತಿನಲ್ಲಿ ಸರಿಯಾಗಿ ಕುಳಿತಿದೆಯೇ, ಕೇಬಲ್ ಎಲ್ಲೂ ಬಿಗಿಯಾಗಿ ಮಡಚಿಲ್ಲವೇ ಅಂತ ನೋಡಿಕೊಂಡ. ಆಮೇಲೆ ಪುಸ್ತಕದಲ್ಲಿ ಹೇಳಿದ ಆರ್‌ಪಿಎಂಗೆ ಎಂಜಿನ್ ಇಟ್ಟು, ಮೊಬೈಲ್ ಪಕ್ಕದಲ್ಲಿಟ್ಟು ನೋಡಿದೆವು. ಆರು ನಿಮಿಷಕ್ಕೆ ಕೊನೆಯ ಅಂಕಿ ಒಂದು ಉರುಳಬೇಕು, ಅರ್ಧ ಗಂಟೆಗೆ ಐದು. ಉರುಳಿತು.

ಈ ಕೊನೆಯ ಅಂಕಿಯ ಬಗ್ಗೆ ಒಂದು ಮಾತು. ಅದರ ಬಣ್ಣ ಸಾಮಾನ್ಯವಾಗಿ ಬೇರೆ ಇರುತ್ತದೆ. ಅದು ಗಂಟೆಯ ಹತ್ತನೇ ಒಂದು ಭಾಗ, ಅಂದರೆ ಆರು ನಿಮಿಷ. 2.4 ಅಂದರೆ ಎರಡು ಗಂಟೆ 24 ನಿಮಿಷ. ಇದನ್ನು ಎರಡು ಗಂಟೆ 40 ನಿಮಿಷ ಅಂತ ಓದಿ ರೊಕ್ಕ ಕೊಟ್ಟವರನ್ನು ನಾನು ನೋಡಿದ್ದೇನೆ. 1,200ರ ದರದಲ್ಲಿ ಆ ಒಂದು ಓದಿಗೆ 320 ರೂಪಾಯಿ ಹೋಗುತ್ತದೆ. ನೆನಪಿಡಲು ಸುಲಭ ದಾರಿ: ಗಂಟೆಯ ದರದಲ್ಲಿ ಕೊನೆಯ ಸೊನ್ನೆ ತೆಗೆಯಿರಿ, ಒಂದು ಅಂಕಿಯ ಬೆಲೆ ಬಂತು. 1,200ಕ್ಕೆ 120.

ಹೊಸ ಮೀಟರ್ ಸೊನ್ನೆಯಿಂದ ಶುರುವಾಗುತ್ತದೆ. ನಾಲ್ಕು ಸಾವಿರ ಗಂಟೆ ದುಡಿದ ಗಾಡಿ ಕಾಗದದ ಮೇಲೆ ನಿನ್ನೆ ಶೋರೂಮಿನಿಂದ ಬಂದಂತೆ ಕಾಣುತ್ತದೆ. ಮೊದಲ ತೊಂದರೆ ಎಂಜಿನ್ನಿಗೇ. ನಮ್ಮ ಗಾಡಿಗೆ 250 ಗಂಟೆಗೊಮ್ಮೆ ಎಂಜಿನ್ ಆಯಿಲ್ ಬದಲಿಸಬೇಕು. ನಿಮ್ಮ ಗಾಡಿಗೆ ಎಷ್ಟು ಅಂತ ಅದರ ಪುಸ್ತಕದಲ್ಲಿ ನೋಡಿ. ನಾವು ಕೊನೆಗೆ ಬದಲಿಸಿದ್ದು 4,180ರಲ್ಲಿ, ಮುಂದಿನದು 4,430ಕ್ಕೆ. ಹಳೆ ಮೀಟರ್ 4,318.6. ಮೀಟರ್ ಇಲ್ಲದ ಒಂಬತ್ತು ದಿನದ್ದು ಬಾಡಿಗೆ ಪುಸ್ತಕ ನೋಡಿ ಅಂದಾಜು ಹಾಕಿದರೆ 38 ಗಂಟೆ. ಒಟ್ಟು 4,356. ಹಾಗಾದರೆ ಹೊಸ ಮೀಟರ್ 73 ತೋರಿಸುವಾಗ ಆಯಿಲ್ ಬದಲಿಸಬೇಕು. ಈ ಲೆಕ್ಕವನ್ನು ಸರ್ವಿಸ್ ಪುಸ್ತಕದಲ್ಲಿ ಬರೆದೆ, ಹಳೆ ಮೀಟರಿನ ಫೋಟೋ ತೆಗೆದೆ. ತಮ್ಮ ಮಡ್‌ಗಾರ್ಡಿನ ಒಳಗೆ ಬಿಳಿ ಬಣ್ಣದಲ್ಲಿ ಬರೆದ: "ಹಳೆ ಮೀಟರ್ 4,318. ಮೀಟರ್ ಇಲ್ಲದೆ 38. ಹೊಸದು ಜೂನ್ 5ರಿಂದ."

ಗಾಡಿ ಕೊಡಿಸುವ ದಲ್ಲಾಳಿಯೊಬ್ಬ ಇದನ್ನು ನೋಡಿ ನಕ್ಕ. "ಅಳಿಸಿಬಿಡ್ರಿ ಯಜಮಾನ್ರ. ಮೀಟರ್ ಬಿಲ್ ಯಾರೂ ಕೇಳಂಗಿಲ್ಲ. ಮಾರುವಾಗ ನಲವತ್ತು ಸಾವಿರ ಜಾಸ್ತಿ ಬರತೈತಿ." ನಲವತ್ತು ಸಾವಿರ ನಮಗೆ ಬೇಡದ ರೊಕ್ಕ ಅಲ್ಲ. ತಮ್ಮ ಅಪ್ಪನ ಮುಖ ನೋಡಿದ. ಅಪ್ಪ ಅಂದರು: "ಕೊಳ್ಳಾವನೂ ನಮ್ಮಂಗ ಸಾಲ ಮಾಡೇ ಕೊಳ್ಳತಾನ." ಬರಹ ಹಾಗೇ ಉಳಿಯಿತು.

ಎಲ್ಲರೂ ಬರೆದಿಡುವುದಿಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದಾಗ ಮೀಟರ್ ಒಂದನ್ನೇ ನಂಬಬೇಡಿ. ಕ್ಲಚ್ಚು, ಬ್ರೇಕಿನ ಪೆಡಲ್ ಸವೆದು ಹೊಳೆಯುತ್ತಿದ್ದು, ಹಿಂದಿನ ಲಿಂಕಿನ ಪಿನ್ನಿನ ತೂತು ಅಗಲವಾಗಿದ್ದು, ಮೀಟರ್ ಮಾತ್ರ 900 ತೋರಿಸುತ್ತಿದ್ದರೆ ನೇರವಾಗಿ ಕೇಳಿ: ಮೀಟರ್ ಯಾವಾಗ ಬದಲಿಸಿದಿರಿ, ಹಳೆಯದರಲ್ಲಿ ಎಷ್ಟಿತ್ತು, ಸರ್ವಿಸ್ ಪುಸ್ತಕ ಎಲ್ಲಿ.

ಬಾಡಿಗೆಗೆ ಕರೆಸುವವರು ಇಷ್ಟು ಮಾಡಿ. ಗಾಡಿ ಹೊಲಕ್ಕೆ ಇಳಿಯುವಾಗ ನೀವೇ ಹತ್ತಿರ ಹೋಗಿ ಮೀಟರಿನ ಫೋಟೋ ತೆಗೆಯಿರಿ, ಮುಗಿದಾಗ ಇನ್ನೊಂದು. ಪೈಪು ಸುತ್ತಿಕೊಂಡಾಗ, ಚಹಾಕ್ಕೆ ನಿಂತಾಗ ಎಂಜಿನ್ ಬಂದ್ ಮಾಡಲು ಹೇಳಿ. ನಿಂತ ಹೊತ್ತು ಯಾರ ಲೆಕ್ಕಕ್ಕೆ ಅಂತ ಗಾಡಿ ಬರುವ ಮೊದಲೇ ಮಾತಾಡಿಕೊಳ್ಳಿ. ಚಾಲಕ ಬೇಸರ ಮಾಡಿಕೊಳ್ಳುತ್ತಾನೆ ಅಂತ ಸಂಕೋಚ ಬೇಡ. ನನ್ನ ತಮ್ಮ ಈಗ ತಾನೇ ಕರೆದು ತೋರಿಸುತ್ತಾನೆ. ಇಬ್ಬರೂ ನೋಡಿದ ಅಂಕಿಯ ಮೇಲೆ ಆಮೇಲೆ ಜಗಳ ಬರುವುದು ಕಡಿಮೆ ಅನ್ನುವುದು ಅವನ ಅನುಭವ.