ಎರಡನ್ನೂ ಬಿಡಬೇಡ

ಸಾಗರ
ಭಾನುವಾರ

ಸಿಂಚನಾ,

ನಿನ್ನ ಅತ್ತೆಯ ಮಂಡಿನೋವು ಈಗ ವಾಸಿ. ಮಳೆ ಹಿಡಿದುಕೊಂಡಿದೆ, ಕರೆಂಟು ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಫೋನ್ ಮಾಡಬಹುದಿತ್ತು. ಆದರೆ ನಿನ್ನಮ್ಮ ಪಕ್ಕದಲ್ಲೇ ಕಿವಿಗೊಟ್ಟು ಕೂತಿರುತ್ತಾಳೆ, ನನ್ನ ತಂಗಿ ನನಗೆ ಗೊತ್ತಿಲ್ಲವೇ? ಅದಕ್ಕೇ ಕಾಗದ.

ನಿನ್ನ ಕಥೆ ಓದಿದೆ. ಜೊತೆಗಿಟ್ಟ ಚೀಟಿಯನ್ನೂ ಓದಿದೆ. ಸಂಜೆ ಕರಾಟೆ ಕ್ಲಾಸು, ರಾತ್ರಿ ದೆವ್ವದ ಕಥೆ, ಎರಡೂ ಮದುವೆ ವಯಸ್ಸಿನ ಹುಡುಗಿಗೆ ಹೇಳಿಸಿದ್ದಲ್ಲ, ಒಂದನ್ನಾದರೂ ಬಿಡು ಅಂತ ಮನೆಯಲ್ಲಿ ದಿನಾ ಇದೇ ರಾಮಾಯಣ ಎಂದು ಬರೆದಿದ್ದೀಯ. ಯಾವುದನ್ನು ಬಿಡಲಿ ಮಾವ ಎಂದು ಕೇಳಿದ್ದೀಯ. ನನ್ನ ಉತ್ತರ ಇಷ್ಟೇ: ಎರಡನ್ನೂ ಬಿಡಬೇಡ. ನಿನ್ನ ಮೇಲಿನ ಮುದ್ದಿಗೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಇಡೀ ಆಯಸ್ಸು ಕಳೆದ ಒಬ್ಬ ಮನುಷ್ಯನ ಪುಸ್ತಕಗಳನ್ನು ನಾನು ಬಹಳ ಕಾಲದಿಂದ ಓದುತ್ತಾ ಬಂದಿದ್ದೇನೆ. ಅವನ ವಿಷಯ ನಿನಗೆ ಹೇಳಬೇಕು.

ಹೆಸರು ಜೋ ಆರ್. ಲ್ಯಾನ್ಸ್‌ಡೇಲ್. ಅಮೆರಿಕದ ಟೆಕ್ಸಾಸ್ ರಾಜ್ಯದವನು. ಟೆಕ್ಸಾಸ್ ಅಂದಕೂಡಲೇ ನಿನಗೆ ಮರಳುಗಾಡು, ಕುದುರೆ, ದೊಡ್ಡ ಟೋಪಿ ಕಣ್ಣ ಮುಂದೆ ಬರಬಹುದು. ಇವನದು ಪೂರ್ವ ಟೆಕ್ಸಾಸ್. ಅಲ್ಲಿ ಪೈನ್ ಕಾಡು, ಕೆಸರು, ಹಾವು, ಸೊಳ್ಳೆ, ಸಬೀನ್ ನದಿಯ ಜೌಗು. 1951ರ ಅಕ್ಟೋಬರ್ 28ರಂದು ಗ್ಲೇಡ್‌ವಾಟರ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ. ನಂತರ ಸಂಸಾರ ಹೂಡಿದ್ದು ಅದೇ ಸೀಮೆಯ ನ್ಯಾಕೊಡೋಚಸ್‌ನಲ್ಲಿ. ಹೆಸರು ಬಂದ ಮೇಲೂ ನ್ಯೂಯಾರ್ಕಿಗೋ ಹಾಲಿವುಡ್ಡಿಗೋ ಗಂಟುಮೂಟೆ ಕಟ್ಟಲಿಲ್ಲ.

ಅಪ್ಪ ಮೆಕ್ಯಾನಿಕ್. ಓದು ಬರಹ ಬಾರದ ಮನುಷ್ಯ. 1930ರ ದಶಕದಲ್ಲಿ ಅಮೆರಿಕಕ್ಕೆ ಆರ್ಥಿಕ ಮಹಾಕುಸಿತ ಬಡಿದಾಗ ಗೂಡ್ಸ್ ರೈಲು ಹತ್ತಿ ಊರೂರು ತಿರುಗಿ, ಜಾತ್ರೆಯ ಅಖಾಡಗಳಲ್ಲಿ ದುಡ್ಡಿಗಾಗಿ ಕುಸ್ತಿಯಾಡಿ, ಬಾಕ್ಸಿಂಗ್ ಮಾಡಿದವನು. ಮಗನಿಗೆ ಕೈ ಎತ್ತುವುದನ್ನೂ ಏಟು ತಪ್ಪಿಸಿಕೊಳ್ಳುವುದನ್ನೂ ಮೊದಲು ಕಲಿಸಿದ್ದು ಅವನೇ. ಅಮ್ಮನದು ಇನ್ನೊಂದು ದಾರಿ, ಅದು ಪುಸ್ತಕದ್ದು. ಲ್ಯಾನ್ಸ್‌ಡೇಲ್ ಹೇಳಿಕೊಂಡ ಒಂದು ನೆನಪು ನನಗೆ ತುಂಬ ಇಷ್ಟ. ಅವನು ಚಿಕ್ಕವನಿದ್ದಾಗ ಮನೆಯಿಂದ ನೋಡಿದರೆ ಹೆದ್ದಾರಿಯ ಆಚೆ ಒಂದು ಡ್ರೈವ್-ಇನ್ ಟಾಕೀಸು. ಪರದೆ ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ಅಮ್ಮ ಮಗನನ್ನು ಕಿಟಕಿಯ ಹತ್ತಿರ ಕೂರಿಸಿಕೊಂಡು, ಅಲ್ಲಿ ಓಡಾಡುವ ಕಾರ್ಟೂನ್ ಪಾತ್ರಗಳಿಗೆ ತಾನೇ ಮಾತು ಕಟ್ಟಿ ಹೇಳುತ್ತಿದ್ದಳಂತೆ. ಕೈಕಾಲು ಅಪ್ಪನಿಂದ, ಮಾತು ಅಮ್ಮನಿಂದ. ಇವುಗಳಲ್ಲಿ ಯಾವುದು ಬೇಕು ಎಂದು ಆ ಹುಡುಗನನ್ನು ಯಾರೂ ಕೇಳಲಿಲ್ಲ, ನೋಡು.

ಹೊಟ್ಟೆಪಾಡಿಗೆ ಏನೇನೋ ಮಾಡಿದ. ಗುಲಾಬಿ ತೋಟಗಳಲ್ಲಿ ಕೂಲಿ, ಬೇಸಾಯ, ವಿಶ್ವವಿದ್ಯಾಲಯದಲ್ಲಿ ಕಸ ಗುಡಿಸುವ ಕೆಲಸ. 1973ರಲ್ಲಿ ಕ್ಯಾರನ್ ಎಂಬಾಕೆಯನ್ನು ಮದುವೆಯಾದ. ಮೊದಮೊದಲು ದಿನಕ್ಕೊಂದರಂತೆ ಮೂರು ತಿಂಗಳು ಕಥೆ ಬರೆದೆ, ಅಷ್ಟೂ ವಾಪಸ್ ಬಂದವು ಎಂದು ಹೇಳಿಕೊಂಡಿದ್ದಾನೆ. ನಿನ್ನ ಒಂದು ಕಥೆ ವಾಪಸ್ ಬಂದಿದ್ದಕ್ಕೆ ಎರಡು ದಿನ ಊಟ ಬಿಟ್ಟೆಯಂತೆ. ಇದನ್ನು ಸುಮ್ಮನೆ ನೆನಪಿನಲ್ಲಿಟ್ಟುಕೋ. ಮೊದಲ ಕಾದಂಬರಿ 'ಆ್ಯಕ್ಟ್ ಆಫ್ ಲವ್' ಬಂದದ್ದು 1981ರಲ್ಲಿ. ಆಮೇಲೆ ನಿಂತದ್ದಿಲ್ಲ: ಹಾರರ್, ಪತ್ತೇದಾರಿ, ಕೌಬಾಯ್ ಕಥೆ, ಕಾಮಿಕ್ಸ್, ಟೀವಿಯ ಬ್ಯಾಟ್‌ಮ್ಯಾನ್ ಕಾರ್ಟೂನಿಗೆ ಚಿತ್ರಕಥೆ. ಕಸ ಗುಡಿಸಿದ ಅದೇ ಸ್ಟೀಫನ್ ಎಫ್. ಆಸ್ಟಿನ್ ವಿಶ್ವವಿದ್ಯಾಲಯ ಮುಂದೆ ಅವನನ್ನು ನಿವಾಸಿ ಲೇಖಕನಾಗಿ ಕರೆಸಿಕೊಂಡಿತು.

ಇನ್ನು ಅಖಾಡದ ಮಾತು. ಅಪ್ಪ ಕಲಿಸಿದ್ದು ಅಡಿಪಾಯ. ಅದರ ಮೇಲೆ ಜುಡೊ, ಹಾಪ್ಕಿಡೊ, ಟೇಕ್ವಾಂಡೊ ಎಂದು ಒಂದೊಂದಾಗಿ ಕಲಿತ. ಕಲಿತದ್ದರಲ್ಲಿ ತನಗೆ ಒಗ್ಗಿದ್ದನ್ನು ಇಟ್ಟುಕೊಂಡು 'ಶೆನ್ ಚುವಾನ್' ಎಂಬ ತನ್ನದೇ ಪದ್ಧತಿ ಕಟ್ಟಿದ, ನ್ಯಾಕೊಡೋಚಸ್‌ನಲ್ಲೇ ಶಾಲೆ ತೆರೆದು ಕಲಿಸಿದ. ಎದುರಾಳಿಯ ಬಲವನ್ನು ಬಲದಿಂದ ತಡೆಯದೆ, ಅದು ಬರುವ ದಿಕ್ಕನ್ನೇ ತಿರುಗಿಸಿ ಅವನ ತೂಕ ತಪ್ಪಿಸುವುದಕ್ಕೆ ಅದರಲ್ಲಿ ದೊಡ್ಡ ಜಾಗವಿದೆ. ಇದೆಲ್ಲ ನನಗಿಂತ ನಿನಗೇ ಚೆನ್ನಾಗಿ ಅರ್ಥವಾದೀತು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಹೊಡೆತ ತಿಂದವನು ಬರೆದ ಹೊಡೆದಾಟ ಬೇರೆ, ಸಿನಿಮಾ ನೋಡಿದವನು ಬರೆದದ್ದು ಬೇರೆ. ಲ್ಯಾನ್ಸ್‌ಡೇಲ್‌ನ ಕಥೆಯಲ್ಲಿ ಹೊಡೆದಾಟ ಬೇಗ ಮುಗಿಯುತ್ತದೆ, ನೋವು ಬೇಗ ಮುಗಿಯುವುದಿಲ್ಲ. 1990ರಲ್ಲಿ 'ಸ್ಯಾವೇಜ್ ಸೀಸನ್' ಕಾದಂಬರಿಯಿಂದ ಶುರುವಾದ ಹ್ಯಾಪ್ ಮತ್ತು ಲೆನರ್ಡ್ ಎಂಬ ಜೋಡಿಯನ್ನೇ ನೋಡು. ಹ್ಯಾಪ್ ಬಿಳಿಯ, ಗುಲಾಬಿ ತೋಟದ ಕೂಲಿ, ವಿಯೆಟ್ನಾಂ ಯುದ್ಧಕ್ಕೆ ಹೋಗಲಾರೆ ಎಂದು ಜೈಲು ಸೇರಿದವನು. ಲೆನರ್ಡ್ ಕಪ್ಪು ವರ್ಣದವನು, ಅದೇ ಯುದ್ಧದಿಂದ ಮರಳಿದ ಸೈನಿಕ, ಸಲಿಂಗಿ, ರಾಜಕೀಯದಲ್ಲಿ ಸಂಪ್ರದಾಯವಾದಿ. ಯಾವ ವಿಷಯದಲ್ಲೂ ಒಬ್ಬರಿಗೊಬ್ಬರು ಒಪ್ಪುವುದಿಲ್ಲ, ಪ್ರಾಣ ಮಾತ್ರ ಒಂದೇ. ಇಬ್ಬರಿಗೂ ಹೊಡೆದಾಡಲು ಬರುತ್ತದೆ. ಆದರೆ ಪ್ರತಿ ಸಲ ಹೊಡೆದಾಡಿದ ಮೇಲೂ ಹ್ಯಾಪ್‌ಗೆ ಒಳಗೊಳಗೇ ಕೊರೆತ. ಈ ಕಥೆಗಳು 2016ರಿಂದ 2018ರವರೆಗೆ ಮೂರು ಸೀಸನ್ ಟೀವಿ ಧಾರಾವಾಹಿಯಾಗಿಯೂ ಬಂದವು.

ನೀನು ಖಂಡಿತ ಓದಬೇಕಾದ ಒಂದು ಸಣ್ಣಕಥೆಯಿದೆ: 'ಇನ್ಸಿಡೆಂಟ್ ಆನ್ ಆ್ಯಂಡ್ ಆಫ್ ಎ ಮೌಂಟನ್ ರೋಡ್'. ರಾತ್ರಿ ಬೆಟ್ಟದ ದಾರಿಯಲ್ಲಿ ಎಲೆನ್ ಎಂಬ ಹೆಂಗಸಿನ ಕಾರು ಅಪಘಾತವಾಗುತ್ತದೆ. ಅಲ್ಲೊಬ್ಬ ಕೊಲೆಗಡುಕ ಅವಳ ಬೆನ್ನು ಹತ್ತುತ್ತಾನೆ. ಹಾರರ್ ಕಥೆಯ ಹಳೇ ಸರಕೇ ಸರಿ. ಆದರೆ ಅವಳು ಕಿರುಚುತ್ತಾ ಓಡುವುದಿಲ್ಲ. ಕಾಡಿನಲ್ಲಿ ಕೈಗೆ ಸಿಕ್ಕಿದ್ದರಿಂದಲೇ ಬಲೆ ಒಡ್ಡುತ್ತಾಳೆ. ಈ ವಿದ್ಯೆ ಎಲ್ಲಿ ಕಲಿತಳು? ಗಂಡನಿಂದ. ಅವನೋ ಲೋಕವೆಲ್ಲ ತನ್ನ ಶತ್ರು ಎಂದು ನಂಬಿ, ಹೆಂಡತಿಗೂ ತರಬೇತಿ ಕೊಡುತ್ತಾ ಕೊಡುತ್ತಾ ಅವಳನ್ನೇ ಹಿಂಸಿಸಿದವನು. ಕಾಡಿನ ರಾಕ್ಷಸನನ್ನು ಎದುರಿಸುವಾಗೆಲ್ಲ ಅವಳ ನೆನಪಿಗೆ ಬರುವುದು ಮನೆಯೊಳಗಿದ್ದ ರಾಕ್ಷಸ. ಯಾರ ಕಡೆಯಿಂದ ಹೆಚ್ಚು ಭಯ ಎಂದು ಓದುವವರಿಗೆ ಗೊತ್ತಾಗುವ ಹೊತ್ತಿಗೆ ಕಥೆ ಎಲ್ಲೋ ಹೋಗಿ ಮುಟ್ಟಿರುತ್ತದೆ. ಕೊನೆ ಹೇಳುವುದಿಲ್ಲ. ಕೈಯಲ್ಲಿ ವಿದ್ಯೆ ಇದ್ದರೆ ಸಾಲದು, ಅದು ಯಾರ ಕೈಯಿಂದ ಯಾವ ಬೆಲೆಗೆ ಬಂತು ಎಂದು ಕೇಳಬಲ್ಲವನೇ ಇಂಥ ಕಥೆ ಬರೆಯಬಲ್ಲ. ನಿರ್ದೇಶಕ ಡಾನ್ ಕಾಸ್ಕರೆಲಿ ಇದನ್ನು 2005ರಲ್ಲಿ 'ಮಾಸ್ಟರ್ಸ್ ಆಫ್ ಹಾರರ್' ಸರಣಿಯ ಮೊದಲ ಕಂತಾಗಿ ಚಿತ್ರಿಸಿದ.

ಅದೇ ನಿರ್ದೇಶಕ ಅದಕ್ಕೂ ಮೊದಲೇ, 2002ರಲ್ಲಿ, ಇವನ 'ಬಬ್ಬಾ ಹೋ-ಟೆಪ್' ಕಥೆಯನ್ನು ಸಿನಿಮಾ ಮಾಡಿದ್ದ. ಎಲ್ವಿಸ್ ಪ್ರೀಸ್ಲಿ ಸತ್ತಿಲ್ಲ, ಪೂರ್ವ ಟೆಕ್ಸಾಸಿನ ಒಂದು ವೃದ್ಧಾಶ್ರಮದಲ್ಲಿ ವಾಕರ್ ಹಿಡಿದು ಕುಂಟುತ್ತಿದ್ದಾನೆ. ಅವನ ಜೊತೆಗೊಬ್ಬ ಕಪ್ಪು ವರ್ಣದ ಮುದುಕ, ನಾನೇ ಅಧ್ಯಕ್ಷ ಕೆನಡಿ ಅನ್ನುವವನು. ಆಶ್ರಮದ ಮುದುಕರ ಆತ್ಮ ಹೀರಲು ಈಜಿಪ್ಟಿನ ಮಮ್ಮಿಯೊಂದು ಬಂದು ಸೇರಿಕೊಂಡಿದೆ. ಕೇಳಿದರೆ ನಗು ಬರುತ್ತದೆ, ನಗು ಬರಲೆಂದೇ ಬರೆದದ್ದು. ಆದರೆ ದೇಹವನ್ನೇ ನೆಚ್ಚಿ ಬದುಕಿದ ಕಲಾವಿದನೊಬ್ಬ ಆ ದೇಹ ಕೈಕೊಟ್ಟ ಮೇಲೆ ಯಾವ ಧೈರ್ಯದಿಂದ ಎದ್ದು ನಿಲ್ಲುತ್ತಾನೆ ಎಂಬ ಪ್ರಶ್ನೆ ನಗುವಿನ ಕೆಳಗಿದೆ. ಮಕ್ಕಳು ಮಾತಾಡಿಸಲು ಬಾರದ, ನರ್ಸು ಬೇಸರದಿಂದ ಬಟ್ಟೆ ಬದಲಿಸುವ ಆ ಕೋಣೆಯ ಪುಟಗಳು ಮಮ್ಮಿಗಿಂತ ಹೆಚ್ಚು ಹೆದರಿಸುತ್ತವೆ. ನಿವೃತ್ತಿಯಾದ ಮೇಲೆ ಮತ್ತೊಮ್ಮೆ ಓದಿದೆ. ಹೆದರಿಕೆ ಇನ್ನೂ ಹೆಚ್ಚಾಯಿತು.

ಭಯ ಎಲ್ಲಿಂದ ಬರುತ್ತದೆ ಎಂಬುದನ್ನು ಇವನು ತನ್ನ ಊರಿನಲ್ಲೇ ಹುಡುಕಿದ. 1988ರ 'ನೈಟ್ ದೇ ಮಿಸ್ಡ್ ದ ಹಾರರ್ ಶೋ' ಕಥೆಯಲ್ಲಿ ಇಬ್ಬರು ಬಿಳಿ ಹುಡುಗರು 'ನೈಟ್ ಆಫ್ ದ ಲಿವಿಂಗ್ ಡೆಡ್' ಸಿನಿಮಾಕ್ಕೆ ಹೋಗುವುದಿಲ್ಲ, ಅದರ ನಾಯಕ ಕಪ್ಪು ವರ್ಣದವನು ಎಂಬ ತಾತ್ಸಾರದಿಂದ. ಊರಿನಲ್ಲಿ ಪೋಲಿ ಸುತ್ತಲು ಹೋಗಿ, ಪರದೆಯ ಮೇಲಿನ ಹೆಣಗಳಿಗಿಂತ ಕ್ರೂರವಾದ ಜೀವಂತ ಮನುಷ್ಯರ ಕೈಗೆ ಸಿಕ್ಕಿಬೀಳುತ್ತಾರೆ. ಕಥೆ ಓದಿ ಮುಗಿಸಿದರೆ ಹೊಟ್ಟೆ ತೊಳಸುತ್ತದೆ. ಇದನ್ನು ಮಾತ್ರ ರಾತ್ರಿ ಓದಬೇಡ. ಇದಕ್ಕೆ ಹಾರರ್ ಬರಹಗಾರರ ಸಂಘದ ಬ್ರಾಮ್ ಸ್ಟೋಕರ್ ಪ್ರಶಸ್ತಿ ಬಂತು. ಅಂಥ ಸ್ಟೋಕರ್‌ಗಳು ಅವನ ಮನೆಯಲ್ಲಿ ಹಲವಿವೆ, ಜೀವಮಾನ ಸಾಧನೆಯದ್ದೂ ಸೇರಿ.

'ದ ಬಾಟಮ್ಸ್' ಕಾದಂಬರಿ ನನಗೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ಸಿಕ್ಕಿದ್ದು. 2000ದಲ್ಲಿ ಬಂದ ಪುಸ್ತಕ, ಮರುವರ್ಷ ಎಡ್ಗರ್ ಪ್ರಶಸ್ತಿ ಪಡೆಯಿತು. 1930ರ ದಶಕ, ಸಬೀನ್ ನದಿಯ ತಗ್ಗು. ಹ್ಯಾರಿ ಎಂಬ ಹುಡುಗ ಮತ್ತು ಅವನ ತಂಗಿ ಕಾಡಿನಲ್ಲಿ ದಾರಿ ತಪ್ಪುತ್ತಾರೆ. ತೂಗುಸೇತುವೆಯ ಹತ್ತಿರ ಆಡುಮನುಷ್ಯ ಇದ್ದಾನೆ ಎಂದು ಊರವರ ಮಾತು. ಕೊಂಬಿನವನು, ಮಕ್ಕಳನ್ನು ಹಿಡಿಯುವವನು. ಆ ಭಯದಲ್ಲಿ ಓಡುವ ಮಕ್ಕಳಿಗೆ ಸಿಗುವುದು ಮುಳ್ಳುತಂತಿಯಲ್ಲಿ ಬಿಗಿದ ಕಪ್ಪು ಹೆಂಗಸೊಬ್ಬಳ ಶವ. ಹುಡುಗನ ಅಪ್ಪ ಊರಿನ ಕಾನ್‌ಸ್ಟೇಬಲ್, ಹೊಟ್ಟೆಪಾಡಿಗೆ ಕ್ಷೌರದಂಗಡಿಯೂ ಇದೆ. ಸತ್ತವಳು ಕಪ್ಪು ಹೆಂಗಸು ಎಂಬ ಕಾರಣಕ್ಕೆ ಕೊಲೆಗಾರನನ್ನು ಹುಡುಕುವುದೇ ದಂಡ ಎನ್ನುವ ಊರು, ಬಿಳಿಯ ಹೆಂಗಸು ಸತ್ತಾಗ ಮಾತ್ರ ನಿರಪರಾಧಿ ಮುದುಕನೊಬ್ಬನನ್ನು ಎಳೆದು ಮರಕ್ಕೆ ನೇಣುಹಾಕುತ್ತದೆ. ಕೊಂಬಿನವನಿಗೆ ಹೆದರಿದ್ದ ಮಕ್ಕಳು ಆ ದಿನ, ದಿನಾ ಅಂಗಡಿಗೆ ಬರುವ ನೆರೆಹೊರೆಯವರಿಗೆ ಹೆದರುವುದನ್ನು ಕಲಿಯುತ್ತಾರೆ.

ಈಗ ನಿನ್ನ ಕಥೆಗೆ ಬರೋಣ. ದೆವ್ವ ಬಾರದಿರಲೆಂದು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದ ಬೀದಿ, ಅಲ್ಲಿ ಒಂಟಿ ಬಾಡಿಗೆ ಮನೆಯ ಹುಡುಗಿ. ಆರಂಭ ಸೊಗಸಾಗಿದೆ. ಒಂದೊಂದು ಬಾಗಿಲಿನ ಅಕ್ಷರ ಒಂದೊಂದು ಬಗೆ, ಒಂದು ಮನೆಯವರು ಸೀಮೆಸುಣ್ಣ, ಇನ್ನೊಬ್ಬರು ಆಯಿಲ್ ಪೇಂಟು ಎಂದಿದ್ದೀಯಲ್ಲ, ಅಲ್ಲಿ ನಿನ್ನ ಕಣ್ಣು ಕಾಣುತ್ತದೆ. ಕೊನೆ ಮಾತ್ರ ಕೆಟ್ಟಿದೆ. ಬಾಗಿಲು ತಟ್ಟಿದವನು ಮನುಷ್ಯನೇ ಎಂದು ಗೊತ್ತಾಗುವುದು ಸರಿ. ಆದರೆ ನಿನ್ನ ನಾಯಕಿ ಗಾಳಿಯಲ್ಲಿ ತಿರುಗಿ ಒದ್ದು, ಬೆವರೂ ಒರೆಸಿಕೊಳ್ಳದೆ ನಿಂತುಬಿಡುತ್ತಾಳೆ. ಸಿಂಚನಾ, ಕಳೆದ ವರ್ಷದ ಬೆಲ್ಟ್ ಟೆಸ್ಟಿನಲ್ಲಿ ಪಕ್ಕೆಗೆ ಒಂದು ಏಟು ಬಿದ್ದು ವಾರವಿಡೀ ಮಗ್ಗುಲಾಗಿ ಮಲಗಲಾರದೆ ಒದ್ದಾಡಿದವಳು ನೀನು. ಉಸಿರು ಕಟ್ಟುವುದು, ಕಿವಿಯಲ್ಲಿ ಗುಂಯ್ ಅನ್ನುವುದು, ಹೊಡೆದ ಕೈಯೇ ನಡುಗುವುದು ನಿನಗೆ ಗೊತ್ತು. ಅದನ್ನೆಲ್ಲ ಕ್ಲಾಸಿನಲ್ಲಿ ಬಿಟ್ಟು ಬಂದು ಸಿನಿಮಾದ ಒದೆತ ಯಾಕೆ ಬರೆದೆ? ಆ ಬೀದಿಯವರೆಲ್ಲ ಇಲ್ಲದ ದೆವ್ವಕ್ಕೆ ಬಾಗಿಲು ಹಾಕಿಕೊಂಡು, ಪಕ್ಕದ ಮನೆಯ ಹುಡುಗಿ ಕೂಗಿದಾಗಲೂ ತೆರೆಯಲಿಲ್ಲ ಎಂಬ ಒಂದು ಸಾಲು ಹಾಗೇ ಬಂದು ಹೋಗಿದೆ. ನಿನ್ನ ಕಥೆಯ ಭಯ ಅಲ್ಲಿದೆ. ಅಲ್ಲಿ ನಿಲ್ಲು.

ಇನ್ನೊಂದು ಮಾತು, ವೇಳೆಯದ್ದು. ಎರಡಕ್ಕೂ ಸಮಯ ಎಲ್ಲಿ ಎಂದು ಅಮ್ಮ ಕೇಳುತ್ತಾಳೆ. ಲ್ಯಾನ್ಸ್‌ಡೇಲ್ ಬರೆಯುವುದು ಬೆಳಗಿನ ಹೊತ್ತು ಸುಮಾರು ಮೂರು ಗಂಟೆ, ಮೂರರಿಂದ ಐದು ಪುಟ. ಅಷ್ಟಾದ ಮೇಲೆ ಉಳಿದ ದಿನ ಬೇರೆ ಕೆಲಸಕ್ಕೆ. ಸ್ಫೂರ್ತಿಗಾಗಿ ಕಾಯುವುದಿಲ್ಲ. ಕರಾಟೆಯಲ್ಲಿ ನೀನು ಒಂದೇ 'ಕಟಾ' ವರಸೆಯನ್ನು ದಿನಾ ಮಾಡುತ್ತೀಯಲ್ಲ, ಮನಸ್ಸಿದ್ದರೂ ಇಲ್ಲದಿದ್ದರೂ? ಬರವಣಿಗೆಗೂ ಅದೇ ಶಿಸ್ತು ಸಾಕು. ಹೆಂಡತಿ ಮಾಡಿಕೊಟ್ಟ ಜಿಡ್ಡಿನ ಪಾಪ್‌ಕಾರ್ನ್ ತಿಂದು ಮಲಗಿದರೆ ಕೆಟ್ಟ ಕನಸು ಬೀಳುತ್ತಿತ್ತು, ಬೆಳಿಗ್ಗೆ ಅದನ್ನೇ ಕಥೆ ಮಾಡಿ ಮಾರುತ್ತಿದ್ದೆ ಎಂದು ಅವನು ತಮಾಷೆಯಾಗಿ ಹೇಳುವುದುಂಟು. ನಿನ್ನ ಅಜ್ಜಿಯ ಮೆಣಸಿನಕಾಯಿ ಬಜ್ಜಿಗೆ ಆ ಶಕ್ತಿ ಇದ್ದೀತು, ಪ್ರಯೋಗ ಮಾಡಿ ನೋಡು.

ಸಂಸಾರ ಹೇಗೆ ಎಂಬುದು ಅಮ್ಮನ ದೊಡ್ಡ ಚಿಂತೆ. 1973ರ ಮದುವೆ ಬಾಳಿ ಬಂದಿದೆ. ಮಗ ಕೀತ್ ಚಿತ್ರಕಥೆ ಬರೆಯುತ್ತಾನೆ, ಮಗಳು ಕೇಸಿ ಹಾಡುಗಾರ್ತಿ, ಅಪ್ಪನ ಜೊತೆ ಸೇರಿ ದೆವ್ವದ ಕಥೆಗಳನ್ನೂ ಬರೆದಿದ್ದಾಳೆ. ಇಷ್ಟನ್ನು ಅಮ್ಮನಿಗೆ ನೀನೇ ಹೇಳು. ಮಿಕ್ಕದ್ದನ್ನು ನಾನು ದೀಪಾವಳಿಗೆ ಬಂದಾಗ ಹೇಳುತ್ತೇನೆ. ಅಣ್ಣನ ಮಾತನ್ನು ಅವಳು ಎದುರಿಗಾದರೂ ಕೇಳುತ್ತಾಳೆ.

'ದ ಬಾಟಮ್ಸ್' ಪುಸ್ತಕವನ್ನು ಪೋಸ್ಟಿನಲ್ಲಿ ಕಳಿಸಿದ್ದೇನೆ. ಅಂಚಿನಲ್ಲಿ ನನ್ನ ಪೆನ್ಸಿಲ್ ಗೀಟು ಇದೆ, ಒರೆಸಬೇಡ, ನೀನೂ ಗೀಚು. ಕಥೆಯ ಕೊನೆಯ ಎರಡು ಪುಟ ಹೊಸದಾಗಿ ಬರೆದು ತಿಂಗಳೊಳಗೆ ಕಳಿಸು. ಬ್ಲ್ಯಾಕ್ ಬೆಲ್ಟ್ ಪರೀಕ್ಷೆಯ ಶುಲ್ಕ ಎಷ್ಟೆಂದು ತಿಳಿಸು, ಅದು ನನ್ನ ಲೆಕ್ಕಕ್ಕೆ. ಅಪ್ಪ ಅಮ್ಮನಿಗೆ ನನ್ನ ನೆನಪು ಹೇಳು, ಅಜ್ಜಿಗೆ ನಮಸ್ಕಾರ.

ಇಂತಿ ನಿನ್ನ ಪ್ರೀತಿಯ
ಮಾವ