ತಿದ್ದುವ ಚಟ

ಕಳೆದ ತಿಂಗಳು ನಮ್ಮ ಹಿರಿಯ ಮುಖ್ಯೋಪಾಧ್ಯಾಯರು ತೀರಿಕೊಂಡ ಸಂಜೆ, ನಾನು ನೋಡಿಕೊಳ್ಳುತ್ತಿರುವ ಶಾಲೆಯ ಹಳೆಯ ಚಿತ್ರಗಳ ಜಾಲತಾಣ ತೆರೆಯಲೇ ಇಲ್ಲವೆಂದು ನಿಮ್ಮಲ್ಲಿ ಹಲವರು ದೂರವಾಣಿಯಲ್ಲಿ ತಿಳಿಸಿದಿರಿ. ಪರದೆಯ ಮೇಲೆ 508 ಎಂಬ ಅಂಕೆ, ಮಿತಿ ಮುಗಿದಿದೆ ಎಂಬ ಒಂದು ಸಾಲು, ಅಷ್ಟೇ. ಅವರ ಬೀಳ್ಕೊಡುಗೆಯ ಚಿತ್ರವನ್ನೊಮ್ಮೆ ನೋಡಬೇಕೆಂದು ಬಂದವರು ಬಾಗಿಲಿನಿಂದಲೇ ಹಿಂದಿರುಗಿದಿರಿ. ಕಾರಣವನ್ನು ನಿಮಗೆ ಹೇಳಬೇಕಾದದ್ದು ನನ್ನ ಋಣ.

ತಾಣ ನಿಧಾನವೆಂಬ ದೂರು ಮೊದಲೇ ಇತ್ತು. ವರ್ಡ್‌ಪ್ರೆಸ್‌ನಲ್ಲಿ ಪುಟವು ಓದುಗ ಕೇಳಿದಾಗಲೆಲ್ಲ ಹೊಸದಾಗಿ ಸಿದ್ಧವಾಗುತ್ತದೆ. ಒಬ್ಬೊಬ್ಬ ಹುಡುಗನಿಗೂ ಅದೇ ಟಿಪ್ಪಣಿಯನ್ನು ಹಲಗೆಯ ಮೇಲೆ ಮತ್ತೆ ಬರೆದಂತೆ. ವೇಗ ಹೆಚ್ಚಿಸುವ ಪ್ಲಗಿನ್ ಸಿದ್ಧವಾದ ಪುಟದ ಪ್ರತಿಯನ್ನು ಎತ್ತಿಟ್ಟುಕೊಂಡು, ನಮ್ಮ ಕಾಲದ ಸೈಕ್ಲೋಸ್ಟೈಲ್ ಹಾಳೆಗಳಂತೆ, ಎಲ್ಲರಿಗೂ ಅದನ್ನೇ ಹಂಚುತ್ತದೆ. ಅದನ್ನು ಅಳವಡಿಸಿ, ಕಂಡ ಆಯ್ಕೆಗಳಿಗೆಲ್ಲ ಗುರುತು ಹಾಕಿದೆ. ಎಡವಿದ್ದು ಅಲ್ಲಿಯೇ.

ನನ್ನ ಕೆಂಪು ಶಾಯಿಯ ಚಟ ನಿಮಗೆ ಗೊತ್ತಲ್ಲ! ಆ ಸಂಜೆ ಶ್ರದ್ಧಾಂಜಲಿ ಬರೆದು ಪ್ರಕಟಿಸಿದೆ. ಒಂದು ಒತ್ತಕ್ಷರ ತಿದ್ದಿ ಉಳಿಸಿದೆ. ಒಂದು ಮಹಾಪ್ರಾಣ ತಿದ್ದಿ ಮತ್ತೆ ಉಳಿಸಿದೆ. ಹತ್ತು ಹನ್ನೆರಡು ಸಲವಾದರೂ ಹೀಗಾಗಿರಬೇಕು. ಪ್ರತಿ ಸಲವೂ ಪ್ಲಗಿನ್ ಎತ್ತಿಟ್ಟ ಪ್ರತಿಗಳನ್ನೆಲ್ಲ ಹರಿದೆಸೆದು ಆರುನೂರು ಪುಟಗಳನ್ನೂ ಮೊದಲಿನಿಂದ ಸಿದ್ಧಪಡಿಸತೊಡಗಿತ್ತು. ಜೊತೆಗೆ ಒಂದೊಂದು ಚಿತ್ರಕ್ಕೂ ಹಲವು ಅಳತೆಯ ನಕಲುಗಳು, ಪ್ರತಿ ನಕಲಿಗೂ ಒಂದು ವೆಬ್‌ಪಿ ರೂಪ. ನಮ್ಮದೋ ಹಲವು ತಾಣಗಳು ಹಂಚಿಕೊಂಡ ಅಗ್ಗದ ಸರ್ವರ್. ಸವಳಂಗದ ಕಡೆ ಕೆರೆಯ ನೀರಿಗೆ ಸರದಿ ಕಾದವರಿಗೆ ಇದನ್ನು ವಿವರಿಸಬೇಕಿಲ್ಲ. ಒಬ್ಬನೇ ನೀರನ್ನೆಲ್ಲ ತಿರುಗಿಸಿಕೊಂಡರೆ ನೀರುಗಂಟಿ ಬಂದು ಅವನ ಕಾಲುವೆಗೆ ಮಣ್ಣು ಹಾಕುತ್ತಾನೆ.

ಆಡಳಿತದ ಪುಟವೂ ತೆರೆಯದಾದಾಗ ಬೆಂಗಳೂರಿನಲ್ಲಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿಯಲ್ಲಿ ನನಗೆ ಪಾಠ ಹೇಳಿದಳು. ಸರ್ವರಿನ ಕಡತಗಳೊಳಗೆ ಹೋಗಿ ಪ್ಲಗಿನ್‌ನ ಫೋಲ್ಡರಿನ ಹೆಸರನ್ನು ಬದಲಿಸಿದೆ, ಅದು ನಿಷ್ಕ್ರಿಯವಾಯಿತು. ಆಮೇಲೆ ಲಾಗ್ ಓದಿಸಿದಳು. ಬಂದವರ ಪಟ್ಟಿಯಲ್ಲಿ ನಮ್ಮ ಸರ್ವರಿನದೇ ಐ.ಪಿ. ವಿಳಾಸ, ಸಾಲುಸಾಲಾಗಿ! ನೀವು ಬಂದದ್ದು ಹೆಚ್ಚಾಗಿರಲಿಲ್ಲ, ತಾಣ ತನ್ನ ಬಾಗಿಲನ್ನು ತಾನೇ ಬಡಿಯುತ್ತಿತ್ತು. ವರ್ಡ್‌ಪ್ರೆಸ್‌ಗೆ ಸ್ವಂತ ಗಡಿಯಾರವೂ ಇಲ್ಲವಂತೆ. ಯಾರಾದರೂ ಬಂದಾಗಲೇ ಅದಕ್ಕೆ ಬಾಕಿ ಕೆಲಸಗಳ ನೆನಪು. ಆ ಏರ್ಪಾಡನ್ನು ನಿಲ್ಲಿಸಿ, ಸರ್ವರಿನ ಕ್ರಾನ್‌ಗೆ ಅರ್ಧ ಗಂಟೆಗೊಮ್ಮೆ ಎಬ್ಬಿಸುವಂತೆ ಒಪ್ಪಿಸಿದೆವು. ತಿದ್ದಿದ ಪುಟದ ಪ್ರತಿಯನ್ನು ಮಾತ್ರ ಅಳಿಸುವಂತೆ ಮಾಡಿ, ಎಲ್ಲವನ್ನೂ ಮುಂಗಡವಾಗಿ ಸಿದ್ಧಪಡಿಸುವ ಆಯ್ಕೆಯನ್ನು ಕೈಬಿಟ್ಟೆವು. ಚಿತ್ರಗಳನ್ನು ಈಗ ನನ್ನ ಗಣಕದಲ್ಲಿಯೇ ಕಿರಿದಾಗಿಸಿ ಏರಿಸುತ್ತೇನೆ.

“ಸಾರ್, ಎಲ್ಲ ತಿದ್ದಿಯಾದ ಮೇಲೆ ಒಮ್ಮೆ ಉಳಿಸಿ,” ಎಂದಳು ಕೊನೆಗೆ. ಒಮ್ಮೆ ಇವಳಿಂದಲೇ ಕಾಗುಣಿತವನ್ನು ನೂರು ಸಲ ಬರೆಸಿದ್ದೆ.

ಬೀಳ್ಕೊಡುಗೆಯ ಚಿತ್ರ ಈಗ ತೆರೆಯುತ್ತದೆ, ನೋಡಿರಿ. ಅಡಿಬರಹದಲ್ಲಿ ಒಂದು ದೀರ್ಘ ಇನ್ನೂ ತಪ್ಪಿದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ತಿದ್ದುತ್ತೇನೆ.