ರಾಘು, ತುಂಗಿ ಮತ್ತು ನಾವು

ಮನೆಯನ್ನು ತಮ್ಮನ ಮಗನಿಗೆ ಒಪ್ಪಿಸುವುದು, ಹೊಲವನ್ನು ಗುತ್ತಿಗೆಗೆ ಕೊಡುವುದು, ಪುಸ್ತಕಗಳನ್ನು ಶಾಲೆಗೆ ಸಾಗಿಸುವುದು ಎಲ್ಲವೂ ಒಂದು ತಿಂಗಳಿನಲ್ಲಿ ಮುಗಿದವು. ಎರಡು ಗಿಳಿಗಳ ವಿಚಾರ ಇತ್ಯರ್ಥವಾಗಲು ಮಾತ್ರ ಒಂದು ವರ್ಷ ಹಿಡಿಯಿತು. ಸಂಘದ ಸ್ಮರಣ ಸಂಚಿಕೆಗೆ ಏನಾದರೂ ಬರೆಯಿರೆಂದು ಗೆಳೆಯರು ಕೇಳಿದಾಗ ಆದವಾನಿಯ ಕೋಟೆಯನ್ನು ಕುರಿತೋ ಮಂತ್ರಾಲಯವನ್ನು ಕುರಿತೋ ಬರೆಯೋಣವೆಂದುಕೊಂಡಿದ್ದೆ. ಲೇಖನಿ ಹಿಡಿದು ಕುಳಿತರೆ ಕಣ್ಣ ಮುಂದೆ ಬರುವುದು ಆ ಪಂಜರವೇ.

ನಮ್ಮ ಸೀಮೆಯ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಆದವಾನಿ ಈಗ ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದಲ್ಲಿದೆ. 1953ರ ಅಕ್ಟೋಬರ್ 1ರವರೆಗೆ ಅದು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಆ ದಿನ ಬಳ್ಳಾರಿ ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗಗಳು ಹೊಸ ಆಂಧ್ರ ರಾಜ್ಯಕ್ಕೆ ಹೋದವು. ನಾನು ಹುಟ್ಟಿದ್ದು ಅದಾದ ಮೂರು ವರ್ಷಕ್ಕೆ. ಊರು ಬಿಡದೆಯೇ ಪರಸ್ಥಳದವರಾದೆವು ಎಂದು ನಮ್ಮ ತಂದೆ ನಗುತ್ತಲೇ ಹೇಳುತ್ತಿದ್ದರು. ಅಂಥ ಊರಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಾಠ ಹೇಳಿ ನಿವೃತ್ತನಾದೆ.

ರಾಘುವನ್ನು 2006ರಲ್ಲಿ ಒಂದು ಜಾತ್ರೆಯಲ್ಲಿ ಕೊಂಡೆವು. ಹಾರಿಹೋಗದಿರಲೆಂದು ಮಾರುವವನು ಅದರ ಒಂದು ರೆಕ್ಕೆಯ ತುದಿಯನ್ನೇ ಕತ್ತರಿಸಿದ್ದ. ಬರಿಯ ಗರಿ ಕತ್ತರಿಸಿದ್ದರೆ ಮತ್ತೆ ಬೆಳೆಯುತ್ತಿತ್ತು. ಅವನ ಕತ್ತರಿ ಮೂಳೆಗೆ ತಾಗಿತ್ತು. ತುಂಗಿ ಬಂದದ್ದು 2014ರಲ್ಲಿ. ಶಾಲೆಯ ಹುಣಸೆಮರದ ಪೊಟರೆಯಿಂದ ಬಿದ್ದ, ಇನ್ನೂ ಕಣ್ಣು ತೆರೆಯದ ಮರಿಯನ್ನು ಹುಡುಗರು ನನ್ನ ಕೈಗಿತ್ತರು. ಗಂಡು ಗಿಳಿಗೆ ಮೂರನೆಯ ವರ್ಷದ ಹೊತ್ತಿಗೆ ಕೊರಳಲ್ಲಿ ಕಪ್ಪು-ಗುಲಾಬಿ ಪಟ್ಟಿ ಮೂಡುತ್ತದೆ. ನಾಲ್ಕು ವರ್ಷ ಕಾದರೂ ಮೂಡದಿದ್ದಾಗ ಅದು ಹೆಣ್ಣೆಂದು ಖಚಿತವಾಯಿತು. ತುಂಗಿ ಒಂದು ಮಾತನ್ನೂ ಕಲಿಯಲಿಲ್ಲ. ರಾಘುವಾದರೋ ದ್ವಿಭಾಷಿ. ಬೆಳಗಿನ ಆರಕ್ಕೆ ಹಾಲಿನವನ ಧ್ವನಿಯಲ್ಲಿ ‘ಪಾಲಮ್ಮಾ’ ಎಂದು ತೆಲುಗಿನಲ್ಲಿ ಕೂಗುವುದು. ಗೇಟು ಸದ್ದಾದರೆ ನನ್ನ ಹೆಂಡತಿಯ ಧ್ವನಿಯಲ್ಲಿ ‘ಯಾರ್ ಬಂದ್ರು?’ ಎಂದು ಕನ್ನಡದಲ್ಲಿ ಕೇಳುವುದು. ಆ ದನಿಗೆ ಮೋಸಹೋಗಿ ಬಾಗಿಲಲ್ಲಿ ನಿಂತು ತಮ್ಮ ಹೆಸರು ಹೇಳಿಕೊಂಡವರು ಹಲವರಿದ್ದಾರೆ.

ಮಗ ಅಮೆರಿಕದ ಪೌರನಾಗಿ ನಮ್ಮಿಬ್ಬರ ವಲಸೆ ವೀಸಾಕ್ಕೆ ಅರ್ಜಿ ಹಾಕಿದ. ಸಂದರ್ಶನ ಮುಂಬೈಯಲ್ಲಿ, ಆದವಾನಿಯಿಂದ ನೇರ ರೈಲಿದೆಯಾದ್ದರಿಂದ ಅದೇನೂ ಕಷ್ಟವಾಗಲಿಲ್ಲ. ಗಿಳಿಗಳಿಗೂ ಆರೋಗ್ಯದ ಪ್ರಮಾಣಪತ್ರ ಬೇಕೆಂದು ಪಶುವೈದ್ಯರೊಬ್ಬರ ಬಳಿ ಹೋದೆ. ಅಮೆರಿಕಕ್ಕೆ ತಂದ ಹೊರದೇಶದ ಪಕ್ಷಿಗಳನ್ನು ಮೂವತ್ತು ದಿನ ಪ್ರತ್ಯೇಕವಾಗಿಟ್ಟು ಪರೀಕ್ಷಿಸುತ್ತಾರೆ, ವೆಚ್ಚ ನಮ್ಮದೇ ಎಂಬುದನ್ನೆಲ್ಲ ಓದಿಕೊಂಡು ಸಿದ್ಧನಾಗಿದ್ದೆ. ಅವರು ಎದ್ದುಹೋಗಿ ಬಾಗಿಲು ಹಾಕಿ ಬಂದರು.

“ಮಾಷ್ಟ್ರೇ, ಅಮೆರಿಕದ ಮಾತು ಆಮೇಲೆ. ಇವನ್ನು ನೀವು ಮನೆಯಲ್ಲಿ ಇಟ್ಟುಕೊಂಡದ್ದೇ ಅಪರಾಧ.”

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ನಾಡಿನ ಗಿಳಿಯನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿ ಸಾಕುವುದು ಎಲ್ಲವೂ ನಿಷಿದ್ಧ. ದೇಶದ ಹೊರಗೆ ಒಯ್ಯುವ ಪ್ರಶ್ನೆಯೇ ಇಲ್ಲ. ಆಫ್ರಿಕಾದ ಬೂದು ಗಿಳಿಯನ್ನು ನಿಯಮದಂತೆ ನೋಂದಾಯಿಸಿ ಸಾಕಬಹುದು. ನಮ್ಮ ಹುಣಸೆಮರದ ಗಿಳಿಯನ್ನು ಸಾಕಲಾಗದು. ಮೊದಲು ಇದು ವಿಚಿತ್ರವಾಗಿ ತೋರಿತು. ಯೋಚಿಸಿದರೆ ನ್ಯಾಯವೇ ಸರಿ. ಜಾತ್ರೆಯಲ್ಲಿ ಕೊಳ್ಳುವ ನನ್ನಂಥವನು ಇರುವುದರಿಂದಲೇ ಪೊಟರೆಗೆ ಕೈಹಾಕುವವನು ಇದ್ದಾನೆ.

ಇದು ನನಗೆ ಪೂರ್ತಿ ತಿಳಿಯದ ಸಂಗತಿಯೇನಾಗಿರಲಿಲ್ಲ. ಹಿಂದೊಮ್ಮೆ ತರಗತಿಯಲ್ಲಿ ಪಕ್ಷಿಗಳನ್ನು ಬಂಧಿಸಬಾರದೆಂದು ಪಾಠ ಹೇಳುತ್ತಿದ್ದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ಸಾರ್, ಮತ್ತ ನಿಮ್ಮನಿಯಾಗ?” ಎಂದಿದ್ದಳು. ಮಕ್ಕಳೆಲ್ಲ ನಕ್ಕರು. ನಾನು ಗದರಿ ಕೂರಿಸಿದೆ. ವೈದ್ಯರ ಕೊಠಡಿಯಲ್ಲಿ ಆ ಹುಡುಗಿಯ ಮುಖ ನೆನಪಾಯಿತು. ಆಗ ಕೊಡಬೇಕಾಗಿದ್ದ ಉತ್ತರ ಅಷ್ಟು ವರ್ಷ ಬಾಕಿ ಉಳಿದಿತ್ತು.

ಮನೆಗೆ ಬಂದು ಹೇಳಿದೆ. “ಹಂಗಾದ್ರ ನೀವೊಬ್ರೇ ಹೋಗ್ರಿ. ಇವನ್ನ ಬಿಟ್ಟು ನಾ ಬರಂಗಿಲ್ಲ” ಎಂದಳು ಹೆಂಡತಿ. ಬಂಧುಗಳು ತಲೆಗೊಂದು ಸಲಹೆ ಕೊಟ್ಟರು. ನಾವು ನೋಡಿಕೊಳ್ಳುತ್ತೇವೆ, ಯಾರು ಕೇಳುತ್ತಾರೆ ಎಂದರು ಕೆಲವರು. ಕೋಟೆಯ ಬೆಟ್ಟಕ್ಕೆ ಒಯ್ದು ಹಾರಿಸಿಬಿಡಿ ಎಂದರು ಇನ್ನು ಕೆಲವರು. ಕೈತುತ್ತು ತಿಂದು ಬೆಳೆದ ಗಿಳಿ ಹೊರಗೆ ಬಿಟ್ಟ ಮರುದಿನವೇ ಕಾಗೆಗೋ ಬೆಕ್ಕಿಗೋ ಬಲಿಯಾಗುತ್ತದೆಂದು ವೈದ್ಯರು ಎಚ್ಚರಿಸಿದ್ದರು. ರಾಘುವಂತೂ ಹಾರಲಾರದು. ಕಡೆಗೆ ನಿರ್ಧಾರ ಮಾಡಿದವಳು ಅವಳೇ. ಒಂದು ರಾತ್ರಿ ಊಟಕ್ಕೆ ಕುಳಿತಾಗ, “ತುಂಗಿಗೆ ರೆಕ್ಕಿ ಅದಾವ. ಅದು ಹಾರಿದ್ದು ನಾ ಒಂದಿನಾನೂ ನೋಡಿಲ್ಲ” ಎಂದಳು. ಅಷ್ಟೇ.

2023ರ ಆರಂಭದಲ್ಲಿ, ಹಳೆಯ ಇಳಕಲ್ ಸೀರೆ ಹೊದಿಸಿದ ಪಂಜರವನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟುಕೊಂಡು ಎಮ್ಮಿಗನೂರು, ಕೋಡುಮೂರು ಮಾರ್ಗವಾಗಿ ಕರ್ನೂಲಿಗೆ ಹೋದೆವು. ಅರಣ್ಯ ಇಲಾಖೆಯವರು ಬೈದಾರು, ಕೇಸು ಹಾಕಿಯಾರು ಎಂದು ಭಯವಿತ್ತು. ತಾವಾಗಿಯೇ ತಂದೊಪ್ಪಿಸುವವರು ಅಪರೂಪವೆಂದು ಅಲ್ಲಿಯ ಅಧಿಕಾರಿ ಕುರ್ಚಿ ಕೊಟ್ಟು ಚಹಾ ತರಿಸಿದರು. ವಹಿಯಲ್ಲಿ ‘ಗಿಳಿ: 2’ ಎಂದು ಬರೆದುಕೊಂಡರು. ಹದಿನೇಳು ವರ್ಷದ ಸಂಸಾರಕ್ಕೆ ಒಂದು ಸಾಲು. ದೊಡ್ಡ ಗೂಡಿನಲ್ಲಿ ಹಾರುವ ಅಭ್ಯಾಸ ಮಾಡಿಸಿ, ತುಂಗಿ ತಾನೇ ಮೇವು ಹುಡುಕಲು ಕಲಿತರೆ ಬಿಡುತ್ತೇವೆ ಎಂದರು. ರಾಘುವಿನ ರೆಕ್ಕೆಯನ್ನು ಬಿಡಿಸಿ ನೋಡಿ ಸುಮ್ಮನಾದರು. ಹಿಂತಿರುಗುವಾಗ ಎಮ್ಮಿಗನೂರು ದಾಟುವವರೆಗೆ ನಾವಿಬ್ಬರೂ ಮಾತನಾಡಲಿಲ್ಲ. ಖಾಲಿ ಪಂಜರವನ್ನು ಅಲ್ಲಿಯೇ ಬಿಟ್ಟಿದ್ದೆವು. ಸೀರೆ ಮಾತ್ರ ಅವಳ ಮಡಿಲಲ್ಲಿತ್ತು.

ಮಗ ವೈದ್ಯನಾಗಿರುವುದು ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್‌ನಲ್ಲಿ. ನೆಂಟರ ಬಾಯಲ್ಲಿ ಕೇಳಿದ್ದ ಅಮೆರಿಕ ಇದಲ್ಲ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ಬಿಸಿಲು, ಧೂಳು, ಊರಾಚೆ ಹತ್ತಿಯ ಹೊಲ. ಹತ್ತಿಯ ಮಾರುಕಟ್ಟೆಗೆ ಹೆಸರಾದ ಊರಿನಿಂದ ಬಂದವನಿಗೆ ಆ ಹೊಲದ ಬದುವಿನಲ್ಲಿ ನಿಂತಾಗ ಎದೆ ತುಂಬಿಬಂತು. ಬಂದ ಎರಡನೆಯ ವಾರ, ಸಂಜೆ, ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದ ಹೆಂಡತಿ ನನ್ನನ್ನು ಕೂಗಿ ಕರೆದಳು. ತಲೆಯ ಮೇಲೆ ಕೀ ಕೀ ಎನ್ನುತ್ತ ಹಸಿರು ಹಿಂಡೊಂದು ಹಾದು ಎದುರು ಬೀದಿಯ ತಾಳೆಮರಗಳಿಗೆ ಇಳಿಯಿತು. ಅದೇ ಕೆಂಪು ಕೊಕ್ಕು, ಅದೇ ಉದ್ದ ಬಾಲ, ಗಂಡುಗಳಿಗೆ ಅದೇ ಕೊರಳಪಟ್ಟಿ.

1977ರ ಡಿಸೆಂಬರಿನ ಭಾರಿ ಧೂಳಿನ ಬಿರುಗಾಳಿಗೆ ಯಾರದೋ ಪಕ್ಷಿಗೃಹ ಮುರಿದು ಹೊರಬಿದ್ದ ಗಿಳಿಗಳ ಸಂತತಿ ಇವು ಎಂದು ಊರವರು ಹೇಳುತ್ತಾರೆ. ಈಗ ಸಾವಿರಾರು ಸಂಖ್ಯೆಯಲ್ಲಿವೆ. “ಇವಕ್ಕ ಯಾರ್ ವೀಸಾ ಕೊಟ್ರು?” ಎಂದು ಕೇಳಿ, ನಕ್ಕು, ಅವಳು ಒಳಗೆ ಹೋದಳು. ಆ ರಾತ್ರಿ ಊಟ ಮಾಡಲಿಲ್ಲ.

ಇಲ್ಲಿ ಈ ಗಿಳಿಯನ್ನು ‘ಇಂಡಿಯನ್ ರಿಂಗ್‌ನೆಕ್’ ಎಂಬ ಹೆಸರಿನಲ್ಲಿ ಅಂಗಡಿಯಲ್ಲಿ ಕೊಳ್ಳಬಹುದು, ಕಾನೂನಿನ ಅಡ್ಡಿಯಿಲ್ಲ. ತಾಯಿಯ ಮನಸ್ಸು ತಿಳಿದ ಮಗ ಒಂದು ಜೋಡಿ ತರುತ್ತೇನೆಂದ. ಅವಳು ಬೇಡವೆಂದಳು. ಹಿತ್ತಲ ದಾಳಿಂಬೆಯ ನಾಲ್ಕು ಹಣ್ಣನ್ನು ಮಾತ್ರ ಕೀಳದೆ ಬಿಡುತ್ತಾಳೆ.

ಆ ಚಳಿಗಾಲದಲ್ಲಿ ಕರ್ನೂಲಿನಿಂದ ಫೋನು ಬಂತು. ಗಿಳಿಗಳ ಆರೈಕೆ ಮಾಡುವ ಹುಡುಗ. ತುಂಗಿಯನ್ನು ಬಿಟ್ಟೆವು, ಮೂರು ದಿನ ಗೂಡಿನ ಸುತ್ತಮುತ್ತ ಇತ್ತು, ಆಮೇಲೆ ಹಿಂಡಿನೊಂದಿಗೆ ಹೋಯಿತು ಎಂದು ತೆಲುಗಿನಲ್ಲಿ ಹೇಳಿದ. ರಾಘು ಚೆನ್ನಾಗಿದೆ. ಆದರೆ ಅವನಿಗೊಂದು ಸಂದೇಹ: ಬೀಗ ತೆಗೆದಾಗಲೆಲ್ಲ ಅದು ಏನೋ ಕೇಳುತ್ತದೆ, ‘ಯಾರ್ ಬಂದ್ರು’ ಅಂದರೇನು ಸಾರ್?

‘ಎವರೊಚ್ಚಾರು’ ಎಂದು ಕೇಳುತ್ತಿದೆ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ನಾಳೆಯಿಂದ ಹೇಳುತ್ತೇನೆ ಎಂದ. ಹೆಂಡತಿ ನನ್ನ ಕೈಯಿಂದ ಫೋನು ಕಸಿದುಕೊಂಡು, ಹಸಿಮೆಣಸಿನಕಾಯಿಯನ್ನು ಹೇಗೆ ಸೀಳಿ ಕೊಡಬೇಕೆಂದು ವಿವರಿಸತೊಡಗಿದಳು.